ತಿರುಗಲು ಒಂದೂವರೆ ಸೆಕೆಂಡ್: ರಾಕೆಟ್ ಲೀಗ್ ಆಟದ ಲೆಕ್ಕ ಮತ್ತು ತಂತ್ರ

(ಕೋಲಾರದಲ್ಲಿ ಪಿಯು ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಭೌತಶಾಸ್ತ್ರ ಉಪನ್ಯಾಸಕಿಯೊಬ್ಬರು ಮಾಡಿದ ಉಪನ್ಯಾಸ. ಧ್ವನಿಮುದ್ರಣದಿಂದ ಬರಹಕ್ಕೆ ಇಳಿಸಿದ್ದು.)

ಸ್ಕೇಲ್ ನೆಟ್ಟಗೆ ಹಿಡಿದುಕೊಳ್ಳಮ್ಮ. ನಾನು ಸರಿಯಾಗಿ ಒಂದು ಮೀಟರ್ ಎತ್ತರದಿಂದ ಈ ಟೆನಿಸ್ ಚೆಂಡು ಬಿಡುತ್ತೇನೆ. ನೆಲಕ್ಕೆ ಬಡಿದು ಎಲ್ಲಿಯವರೆಗೆ ಎದ್ದಿತು ಅಂತ ಜೋರಾಗಿ ಹೇಳು. 55 ಸೆಂಟಿಮೀಟರ್. ಇನ್ನೊಂದು ಸಲ. 54. ಸರಿ, ಸಾಕು, ಹೋಗಿ ಕೂತುಕೊಳ್ಳಮ್ಮ.

ಎಲ್ಲರೂ ಈ ಸಂಖ್ಯೆ ನೆನಪಿಟ್ಟುಕೊಳ್ಳಿ. ಒಂದು ಮೀಟರಿನಿಂದ ಬಿದ್ದದ್ದು ಅರ್ಧಕ್ಕಿಂತ ಸ್ವಲ್ಪ ಮೇಲೆ ಎದ್ದಿತು. ವೇಗದ ಲೆಕ್ಕ ಬೇಕಾದರೆ ಅದರ ವರ್ಗಮೂಲ ತೆಗೆಯಬೇಕು. ಅಂದರೆ ನೆಲಕ್ಕೆ ಬಡಿದಾಗ ಇದ್ದ ವೇಗದಲ್ಲಿ ಸುಮಾರು 0.74 ಪಾಲು ಉಳಿಯಿತು. ನಾನು ಇವತ್ತು ಮಾತಾಡುವ ಆಟದಲ್ಲಿ ಈ ಸಂಖ್ಯೆ 0.6. ಅಲ್ಲಿನ ಚೆಂಡನ್ನು ಒಂದು ಮೀಟರಿನಿಂದ ಬಿಟ್ಟರೆ 36 ಸೆಂಟಿಮೀಟರ್ ಏಳುತ್ತದೆ, ಮುಂದಿನ ಪುಟಿತಕ್ಕೆ ಬರೀ 13. ನಮ್ಮ ಟೆನಿಸ್ ಚೆಂಡಿಗಿಂತ ಮಂದ. ಆ ಚೆಂಡಿನ ಅಡ್ಡಳತೆ ಎಷ್ಟು ಗೊತ್ತಾ? ಸುಮಾರು 1.85 ಮೀಟರ್. ಈ ಹಾಲ್‌ನಲ್ಲಿ ಕೂತಿರುವ ಬಹಳಷ್ಟು ಜನರಿಗಿಂತ ಎತ್ತರ.

ಆಟದ ಹೆಸರು ರಾಕೆಟ್ ಲೀಗ್. ಇಲ್ಲಿರುವ ಹುಡುಗರಿಗೆ, ಹುಡುಗಿಯರಿಗೆ ಹೇಳಬೇಕಾಗಿಲ್ಲ, ಪೋಷಕರಿಗಾಗಿ ಹೇಳುತ್ತೇನೆ. ಫುಟ್ಬಾಲ್ ಆಟವೇ, ಆದರೆ ಆಡುವುದು ಮನುಷ್ಯರಲ್ಲ, ಕಾರುಗಳು. ಕಾರಿನ ಹಿಂದೆ ರಾಕೆಟ್ ಇರುತ್ತದೆ. ಕಾರು ಹಾರುತ್ತದೆ, ಗೋಡೆ ಹತ್ತುತ್ತದೆ, ಮೇಲ್ಚಾವಣಿಯ ಮೇಲೂ ಓಡುತ್ತದೆ. ಐದು ನಿಮಿಷದ ಪಂದ್ಯ. ಒಬ್ಬರಿಗೊಬ್ಬರು, ಇಬ್ಬರಿಗಿಬ್ಬರು, ಮೂವರಿಗೆ ಮೂವರು, ಹೀಗೆ ಆಡಬಹುದು. ಅಮೆರಿಕದ ಸ್ಯಾನ್ ಡಿಯಾಗೊದ ಸಯಾನಿಕ್ಸ್ ಅನ್ನುವ ಕಂಪನಿ 2008ರಲ್ಲಿ ಇಂಥದ್ದೇ ಇನ್ನೊಂದು ಆಟ ಮಾಡಿತ್ತು. ಅದು ಅಷ್ಟಾಗಿ ಜನರನ್ನು ಮುಟ್ಟಲಿಲ್ಲ. ಅವರು ಬಿಡಲಿಲ್ಲ, ತಿದ್ದಿ ತೀಡಿ 2015ರ ಜುಲೈನಲ್ಲಿ ರಾಕೆಟ್ ಲೀಗ್ ತಂದರು. 2020ರ ಸೆಪ್ಟೆಂಬರಿನಿಂದ ಆಡಲು ದುಡ್ಡು ಕೊಡಬೇಕಾಗಿಲ್ಲ. ನಮ್ಮ ಮನೆಗೆ ಬಂದದ್ದು ಆಮೇಲೆ, ಬಂಗಾರಪೇಟೆಯಲ್ಲಿರುವ ನನ್ನ ಅಣ್ಣನ ಮಗನ ಕೈಯಿಂದ.

ಭೌತಶಾಸ್ತ್ರದವಳಿಗೆ ಈ ಆಟದ ಮೇಲೆ ಯಾಕೆ ಇಷ್ಟು ಪ್ರೀತಿ ಅಂತ ಕೇಳಬಹುದು. ಒಂದು ನಿಮಿಷ ಬೇರೆ ಕಡೆ ಹೋಗುತ್ತೇನೆ. ಭೌತಶಾಸ್ತ್ರ ಅಂದರೆ ದೂರದ ಊರಿನ ದೊಡ್ಡ ಪ್ರಯೋಗಾಲಯದ ವಿಷಯ ಅಂತ ನಮ್ಮ ಮಕ್ಕಳು ಅಂದುಕೊಳ್ಳುತ್ತಾರೆ. 1965ರಲ್ಲಿ ನಮ್ಮ ಕೆಜಿಎಫ್‌ನ ಚಿನ್ನದ ಗಣಿಯೊಳಗೆ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಹಿಡಿದರು. ಜಗತ್ತಿನಲ್ಲಿ ಅದನ್ನು ಮೊದಲು ಕಂಡವರಲ್ಲಿ ಅವರೂ ಇದ್ದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನಿನವರು, ಇಂಗ್ಲೆಂಡಿನವರು ಸೇರಿ ಮಾಡಿದ ಕೆಲಸ. ನಿಮ್ಮಲ್ಲಿ ಕೆಲವರ ತಾತಂದಿರು ಇಳಿದ ಅದೇ ಗಣಿ. ಭೌತಶಾಸ್ತ್ರ ನಮ್ಮ ಕಾಲ ಕೆಳಗೇ ನಡೆದಿದೆ. ನಿಮ್ಮ ಕೈಯಲ್ಲಿರುವ ಆಟದಲ್ಲಿ ನಡೆಯುವುದಿಲ್ಲವಾ?

ಈಗ ಚೆಂಡಿಗೆ ವಾಪಸ್ ಬರೋಣ. ಆಟದೊಳಗಿನ ಒಂದು ಘಟಕವನ್ನು ಒಂದು ಸೆಂಟಿಮೀಟರ್ ಅಂತ ಹಿಡಿಯುವುದು ವಾಡಿಕೆ. ಹಾಗೆ ಹಿಡಿದರೆ ಅಲ್ಲಿನ ಗುರುತ್ವ ಸೆಕೆಂಡಿಗೆ ಸೆಕೆಂಡಿಗೆ 6.5 ಮೀಟರ್. ನಮ್ಮ ಭೂಮಿಯದು 9.8. ಅಂದರೆ ಮೂರರಲ್ಲಿ ಎರಡು ಪಾಲು. ಮೇಲ್ಚಾವಣಿ ಇರುವುದು ಸುಮಾರು 20 ಮೀಟರ್ ಎತ್ತರದಲ್ಲಿ. ಅಲ್ಲಿಂದ ಚೆಂಡು ಸುಮ್ನೆ ಕೆಳಗೆ ಬಿದ್ದರೆ ನೆಲ ಮುಟ್ಟಲು ಸುಮಾರು 2.4 ಸೆಕೆಂಡ್ ಬೇಕು. ನಮ್ಮ ಭೂಮಿಯ ಮೇಲಾದರೆ ಎರಡು ಸೆಕೆಂಡಿಗೂ ಕಮ್ಮಿ. ಆ ಹೆಚ್ಚಿನ ಅರ್ಧ ಸೆಕೆಂಡ್ ಬೇಕಂತಲೇ ಕೊಟ್ಟಿರುವುದು ಅಂತ ನನ್ನ ನಂಬಿಕೆ. ಆಡುವವರಿಗೆ ಯೋಚನೆ ಮಾಡಲು, ಹಾರಲು ಪುರುಸೊತ್ತು ಸಿಗಲಿ ಅಂತ.

ಹೀಗೆ ಬಿದ್ದ ಚೆಂಡು ಪುಟಿದು ಸುಮಾರು 2.9 ಸೆಕೆಂಡ್ ಗಾಳಿಯಲ್ಲಿ ಇರುತ್ತದೆ. ಮುಂದಿನ ಪುಟಿತ 1.7. ಅದರ ಮುಂದಿನದು ಒಂದು ಸೆಕೆಂಡ್. ಗಮನಿಸಿದಿರಾ? ಪ್ರತಿ ಸಲ ಹಿಂದಿನದರ 0.6 ಪಾಲು. ತಾಳ ಹಾಕಿದ ಹಾಗೆ, ದೂರ ದೂರ ಇದ್ದದ್ದು ಹತ್ತಿರ ಹತ್ತಿರ ಬರುತ್ತದೆ. ಹೊಸಬರು ಮಾಡುವ ದೊಡ್ಡ ತಪ್ಪು ಇಲ್ಲಿಯೇ. ಚೆಂಡು ಮೇಲೆ ಇದೆ ಅಂತ ಅದರ ಕೆಳಗೆ ಹೋಗಿ ನಿಲ್ಲುತ್ತಾರೆ. ಬರುವಷ್ಟರಲ್ಲಿ ಅದು ತಲೆ ಮೇಲಿಂದ ದಾಟಿ ಹೋಗಿರುತ್ತದೆ. ಮೊದಲ ಪುಟಿತ ಕೇಳಿಸಿದ ತಕ್ಷಣ ಎರಡನೆಯದು ಎಲ್ಲಿ, ಯಾವಾಗ ಅಂತ ಮನಸ್ಸಿನಲ್ಲಿ ಬರಬೇಕು. ಲೆಕ್ಕ ಹಾಕಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಅಮ್ಮಂದಿರು ಕುಕ್ಕರ್ ಸದ್ದು ಕೇಳಿಯೇ ಇನ್ನೆಷ್ಟು ಹೊತ್ತಿಗೆ ಸೀಟಿ ಅಂತ ಹೇಳುತ್ತಾರಲ್ಲ, ಹಾಗೆ ಕಿವಿಗೆ, ಕಣ್ಣಿಗೆ ಅಭ್ಯಾಸ ಆಗಬೇಕು.

ಕಾರಿನ ವಿಷಯ. ರಾಕೆಟ್ ಹಚ್ಚದೆ ಓಡಿದರೆ ಸೆಕೆಂಡಿಗೆ 14.1 ಮೀಟರ್, ಗಂಟೆಗೆ ಸುಮಾರು 51 ಕಿಲೋಮೀಟರ್. ರಾಕೆಟ್ ಹಚ್ಚಿದರೆ 23 ಮೀಟರ್, ಸುಮಾರು 83 ಕಿಲೋಮೀಟರ್. ಅದಕ್ಕಿಂತ ಮೇಲೆ ಯಾವ ಕಾರೂ ಹೋಗಲ್ಲ. ಚೆಂಡು ಮಾತ್ರ ಸೆಕೆಂಡಿಗೆ 60 ಮೀಟರ್ ವರೆಗೆ ಹೋಗಬಹುದು. ಅದು ಗಂಟೆಗೆ 216 ಕಿಲೋಮೀಟರ್. ಮೈದಾನದ ಉದ್ದ 102 ಮೀಟರ್. ಜೋರಾಗಿ ಏಟು ಬಿದ್ದ ಚೆಂಡು ಈ ಗೋಲಿನಿಂದ ಆ ಗೋಲಿಗೆ ಎರಡು ಸೆಕೆಂಡಿನೊಳಗೆ ಹೋಗಿಬಿಡುತ್ತದೆ. ಕಾರಿಗೆ ಪೂರ್ತಿ ವೇಗದಲ್ಲೂ ನಾಲ್ಕೂವರೆ ಸೆಕೆಂಡ್, ರಾಕೆಟ್ ಇಲ್ಲದೆ ಏಳು ಸೆಕೆಂಡಿಗೂ ಜಾಸ್ತಿ. ಈ ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬಿಟ್ಟಿರುತ್ತೇನೆ, ಮತ್ತೆ ಬರುತ್ತೇವೆ.

ಚೆಂಡಿಗೆ ಹೊಡೆಯುವುದು ಹೇಗೆ? ಆಟದಲ್ಲಿ ಕಾರಿನ ತೂಕಕ್ಕೆ 180 ಅಂತ ಇಟ್ಟರೆ ಚೆಂಡಿಗೆ 30. ಆರಕ್ಕೆ ಒಂದು. ಸಂವೇಗದ ಪಾಠ ನೆನಪು ಮಾಡಿಕೊಳ್ಳಿ. ಕಾರು ಹೆಚ್ಚೇನೂ ನಿಧಾನ ಆಗದೆ ಚೆಂಡು ಹಾರಿಹೋಗುತ್ತದೆ. ಆದರೆ ಬರೀ ಪಾಠದ ಡಿಕ್ಕಿ ಲೆಕ್ಕ ಹಾಕಿದರೆ ಹೊಡೆತ ಸಪ್ಪೆ ಅನ್ನಿಸುತ್ತದೆ, ಗುರಿಯೂ ಸಿಗಲ್ಲ. ಅದಕ್ಕೆ ಈ ಆಟ ಮಾಡಿದವರು ಇನ್ನೊಂದು ತಳ್ಳು ಸೇರಿಸಿದರು. ಅವರ ಎಂಜಿನಿಯರ್ ಜೇರೆಡ್ ಕೋನ್ 2018ರಲ್ಲಿ ಆಟ ತಯಾರಿಸುವವರ ಸಮ್ಮೇಳನದಲ್ಲಿ ತಮ್ಮ ಆಟದ ಭೌತಶಾಸ್ತ್ರವನ್ನು ಬಿಡಿಸಿ ಹೇಳಿದ್ದಾರೆ. ಆ ಹೆಚ್ಚಿನ ತಳ್ಳು ಕಾರಿನ ನಡುವಿನಿಂದ ಚೆಂಡಿನ ನಡುವಿಗೆ ಎಳೆದ ಗೆರೆಯ ದಿಕ್ಕಿನಲ್ಲಿ ಬೀಳುತ್ತದೆ. ಮೇಲ್ಮುಖ ಪಾಲನ್ನು ಮಾತ್ರ ಕಮ್ಮಿ ಮಾಡುತ್ತಾರೆ. ಇಲ್ಲದಿದ್ದರೆ ಕಾರು ತಗ್ಗು, ಚೆಂಡು ಎತ್ತರ, ಪ್ರತಿ ಹೊಡೆತವೂ ಆಕಾಶಕ್ಕೆ ಹೋಗುತ್ತಿತ್ತು.

ಇದು ಸಣ್ಣ ವಿಷಯ ಅನ್ನಿಸಬಹುದು. ಆಡುವವರಿಗೆ ಇದೇ ಎಲ್ಲ. ಚೆಂಡನ್ನು ಬಲಕ್ಕೆ ಕಳಿಸಬೇಕು ಅಂದರೆ ಕಾರಿನ ಮೂತಿಯನ್ನು ಬಲಕ್ಕೆ ತಿರುಗಿಸಿದರೆ ಮಾತ್ರ ಸಾಲದು, ಕಾರಿನ ನಡುಭಾಗ ಚೆಂಡಿನ ಎಡಕ್ಕೆ ಇರಬೇಕು. ಕೆಳಕ್ಕೆ ಹೊಡೆಯಬೇಕು ಅಂದರೆ ಕಾರು ಚೆಂಡಿಗಿಂತ ಮೇಲಿರಬೇಕು. ಕೇರಂ ಆಡಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಕಾಯಿನ್ ಅನ್ನು ಎಲ್ಲಿಗೆ ಕಳಿಸಬೇಕೋ ಅದರ ಎದುರು ಪಕ್ಕಕ್ಕೆ ಸ್ಟ್ರೈಕರ್ ತಾಗಬೇಕು, ಅಲ್ವಾ? ಇನ್ನೊಂದು ಮಾತು. ಕಣ್ಣಿಗೆ ಕಾಣುವ ಕಾರು ಬೇರೆ, ಚೆಂಡಿಗೆ ತಾಗುವ ಕಾರು ಬೇರೆ. ಒಳಗೆ ಇರುವುದು ಒಂದು ಆಯತಾಕಾರದ ಪೆಟ್ಟಿಗೆ, ಅದಕ್ಕೆ ಹಿಟ್‌ಬಾಕ್ಸ್ ಅನ್ನುತ್ತಾರೆ. ಜನ ಬಹಳ ಇಷ್ಟಪಡುವ ಆಕ್ಟೇನ್ ಕಾರಿನ ಪೆಟ್ಟಿಗೆ ಸುಮಾರು 118 ಸೆಂಟಿಮೀಟರ್ ಉದ್ದ, 84 ಅಗಲ, 36 ಎತ್ತರ. ಡಾಮಿನಸ್ ಅನ್ನುವುದು ಇನ್ನೂ ಉದ್ದ, ತಗ್ಗು. ಹೊಸ ಬಣ್ಣ, ಹೊಸ ಚಕ್ರಕ್ಕೆ ದುಡ್ಡು ಕೊಡಿ ಅಂತ ಮಕ್ಕಳು ಕೇಳಿದರೆ ಪೋಷಕರು ಇಷ್ಟು ತಿಳಿದಿರಿ: ಬಣ್ಣದಿಂದ ಪೆಟ್ಟಿಗೆ ಬದಲಾಗಲ್ಲ.

ಈಗ ನಾನು ನಿಜವಾಗಿ ಹೇಳಬೇಕು ಅಂತ ಬಂದ ವಿಷಯ. ತಿರುಗುವುದು.

ಮುಳಬಾಗಿಲು ರಸ್ತೆಯಲ್ಲಿ ಟೊಮೆಟೊ ಬಾಕ್ಸ್ ತುಂಬಿದ ಟೆಂಪೊ ನೋಡಿದ್ದೀರಿ. 80ರ ವೇಗದಲ್ಲಿ ಹೋಗುತ್ತಾ 11 ಮೀಟರ್ ತ್ರಿಜ್ಯದಲ್ಲಿ ತಿರುಗಿಸಿದರೆ ಏನಾಗುತ್ತದೆ? ಟೆಂಪೊ ಒಂದು ಕಡೆ, ಟೊಮೆಟೊ ಒಂದು ಕಡೆ. ಆ ತಿರುವಿಗೆ ಬೇಕಾದ ವೇಗೋತ್ಕರ್ಷ ಭೂಮಿಯ ಗುರುತ್ವದ ನಾಲ್ಕೂವರೆ ಪಟ್ಟಿಗಿಂತ ಜಾಸ್ತಿ. ರಸ್ತೆಯಲ್ಲಿ ಓಡುವ ಯಾವ ಟೈರೂ ಅಷ್ಟು ಹಿಡಿಯಲ್ಲ. ರಾಕೆಟ್ ಲೀಗ್‌ನ ಕಾರು ಹಿಡಿಯುತ್ತದೆ. ಪೂರ್ತಿ ವೇಗದಲ್ಲಿ ಅದರ ತಿರುವಿನ ತ್ರಿಜ್ಯ ಸುಮಾರು 11.4 ಮೀಟರ್. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅದು 4.3 ಮೀಟರ್, 5 ಮೀಟರ್ ವೇಗದಲ್ಲಿ ಎರಡೂವರೆ.

ಒಂದು ಲೆಕ್ಕ ಮಾಡಿ. ಕಾರು ಪೂರ್ತಿ ಹಿಂದಕ್ಕೆ ಮುಖ ಮಾಡಬೇಕು, ಅಂದರೆ ಅರ್ಧ ವೃತ್ತ. ಪೂರ್ತಿ ವೇಗದಲ್ಲಿ ಅರ್ಧ ವೃತ್ತದ ಉದ್ದ ಸುಮಾರು 36 ಮೀಟರ್. 23ರಿಂದ ಭಾಗಿಸಿ. ಒಂದೂವರೆ ಸೆಕೆಂಡಿಗೆ ಚೂರು ಜಾಸ್ತಿ. ಸರಿ, ನಿಧಾನ ಮಾಡಿಕೊಂಡು ತಿರುಗುತ್ತೇನೆ ಅನ್ನುತ್ತೀರಿ. 5 ಮೀಟರ್ ವೇಗದಲ್ಲಿ ಅರ್ಧ ವೃತ್ತ ಸುಮಾರು 8 ಮೀಟರ್. 5ರಿಂದ ಭಾಗಿಸಿ. ಮತ್ತೆ ಒಂದೂವರೆ ಸೆಕೆಂಡೇ! ಈ ಲೆಕ್ಕ ಮೊದಲ ಸಲ ಹಾಕಿದಾಗ ನಾನು ಪೆನ್ನು ಕೆಳಗಿಟ್ಟು ಮತ್ತೆ ಹಾಕಿದೆ. ಜೋರಾಗಿ ಹೋದರೂ ನಿಧಾನ ಹೋದರೂ ಹಿಂದಕ್ಕೆ ತಿರುಗಲು ಹೆಚ್ಚು ಕಮ್ಮಿ ಒಂದೂವರೆ ಸೆಕೆಂಡ್ ತೆರಲೇಬೇಕು. ಪವರ್‌ಸ್ಲೈಡ್ ಒತ್ತಿ ಜಾರಿಸಿದರೆ, ಹಿಂದಕ್ಕೆ ಲಾಗ ಹಾಕಿ ಅರ್ಧದಲ್ಲಿ ತಡೆಯುವ ಹಾಫ್ ಫ್ಲಿಪ್ ಕಲಿತರೆ ಸ್ವಲ್ಪ ಉಳಿಯುತ್ತದೆ. ಪೂರ್ತಿ ಉಳಿಯಲ್ಲ.

ಆ ಒಂದೂವರೆ ಸೆಕೆಂಡಿನಲ್ಲಿ ಚೆಂಡು ಎಲ್ಲಿಗೆ ಹೋಗುತ್ತದೆ? ಗಂಟೆಗೆ 100 ಕಿಲೋಮೀಟರ್ ವೇಗದ ಸಾಧಾರಣ ಹೊಡೆತವೇ ಇರಲಿ. 42 ಮೀಟರ್. ಹತ್ತಿರ ಹತ್ತಿರ ಅರ್ಧ ಮೈದಾನ. ನೀವು ಎದುರಾಳಿಯ ಗೋಲಿನ ಹತ್ತಿರ ಚೆಂಡಿಗೆ ನುಗ್ಗಿ ತಪ್ಪಿದಿರಿ ಅಂದುಕೊಳ್ಳಿ. ನೀವು ತಿರುಗಿ ನೋಡುವಷ್ಟರಲ್ಲಿ ಚೆಂಡು ನಡುಗೆರೆ ಸೇರುತ್ತಿರುತ್ತದೆ. ನಿಮಗಿಂತ ವೇಗವಾಗಿಯೂ ಹೋಗುತ್ತಿರುತ್ತದೆ. ಬೆನ್ನಟ್ಟಿ ಹಿಡಿಯಲು ಆಗುವುದೇ ಇಲ್ಲ. ಆದ್ದರಿಂದ ಹಿಂದೆ ಒಬ್ಬರು ಇರಲೇಬೇಕು. ಬರೀ ಇರುವುದಲ್ಲ, ಆಗಲೇ ಮುಂದಕ್ಕೆ ಮುಖ ಮಾಡಿ ಇರಬೇಕು. ಸರದಿಯಂತೆ ಒಬ್ಬೊಬ್ಬರೇ ಚೆಂಡಿಗೆ ಹೋಗಿ ಹಿಂದಕ್ಕೆ ಬರುವುದಕ್ಕೆ ರಾಕೆಟ್ ಲೀಗ್‌ನಲ್ಲಿ ರೊಟೇಶನ್ ಅಂತ ಹೇಳುತ್ತಾರೆ, ಅದಷ್ಟೂ ಈ ಒಂದು ಲೆಕ್ಕದಿಂದ ಹುಟ್ಟಿದ್ದು. ಯಾರೋ ದೊಡ್ಡ ಆಟಗಾರ ಹಾಕಿಕೊಟ್ಟ ಶಿಸ್ತು ಅಂತ ನಾನು ಮೊದಲು ತಿಳಿದಿದ್ದೆ. ಆ ತಿರುವಿನ ತ್ರಿಜ್ಯ ಹಾಕಿಕೊಟ್ಟ ಶಿಸ್ತು ಅದು.

ನಮ್ಮ ಎಪಿಎಂಸಿ ಮಾರುಕಟ್ಟೆಗೆ ಜುಲೈ ತಿಂಗಳಲ್ಲಿ ಒಮ್ಮೆ ಬೆಳಿಗ್ಗೆ ಹೋಗಿ ನೋಡಿ. ಹಮಾಲಿಗಳು ಲಾರಿಗೆ ಟೊಮೆಟೊ ಬಾಕ್ಸ್ ತುಂಬುತ್ತಿರುತ್ತಾರೆ. ಒಬ್ಬ ಬಾಕ್ಸ್ ಹೊತ್ತು ಬಂದು ಲಾರಿಯ ಮೇಲಿನವನಿಗೆ ಎತ್ತಿ ಕೊಡುತ್ತಾನೆ. ಕೊಟ್ಟವನು ಬಂದ ದಾರಿಯಲ್ಲೇ ವಾಪಸ್ ತಿರುಗಿದರೆ ಹಿಂದೆ ಬರುತ್ತಿರುವವನಿಗೆ ಡಿಕ್ಕಿ. ಅದಕ್ಕೆ ಅವನು ಪಕ್ಕದಿಂದ ಸುತ್ತಿಕೊಂಡು ಹೋಗಿ ಸಾಲಿನ ಕೊನೆಗೆ ಸೇರಿಕೊಳ್ಳುತ್ತಾನೆ. ಯಾರೂ ಯಾರಿಗೂ ಹೇಳುವುದಿಲ್ಲ. ಒಂದು ಕ್ಷಣವೂ ಲಾರಿಯ ಮುಂದೆ ಜಾಗ ಖಾಲಿ ಇರಲ್ಲ, ಇಬ್ಬರು ಒಟ್ಟಿಗೆ ಬಾಕ್ಸ್ ಎತ್ತಿ ನಿಲ್ಲುವುದೂ ಇಲ್ಲ. ನಾನು ರೊಟೇಶನ್ ಅರ್ಥ ಮಾಡಿಕೊಂಡದ್ದು ಅಲ್ಲಿ ನಿಂತು ನೋಡಿದಾಗ.

ಆಟದಲ್ಲೂ ಹಾಗೆಯೇ. ಮೊದಲನೆಯವನು ಚೆಂಡಿಗೆ ಹೋಗುತ್ತಾನೆ. ಹೊಡೆದ ಮೇಲೆ, ತಾಗಲಿ ಬಿಡಲಿ, ಅಲ್ಲೇ ಸುತ್ತಾಡಬಾರದು. ಚೆಂಡು ಇಲ್ಲದ ಪಕ್ಕದಿಂದ ಸುತ್ತಿಕೊಂಡು ಹಿಂದಕ್ಕೆ ಬರಬೇಕು. ಎರಡನೆಯವನು ಆಗ ಮೊದಲನೆಯವನಾಗುತ್ತಾನೆ. ವಾಪಸ್ ಬಂದವನು ನಮ್ಮ ಗೋಲಿನ ಯಾವ ಕಂಬಕ್ಕೆ ಹೋಗಬೇಕು? ಚೆಂಡಿನಿಂದ ದೂರದ ಕಂಬಕ್ಕೆ. ಇದಕ್ಕೆ ಬ್ಯಾಕ್ ಪೋಸ್ಟ್ ಅನ್ನುತ್ತಾರೆ. ಯಾಕೆ? ಹತ್ತಿರದ ಕಂಬಕ್ಕೆ ಬಂದರೆ ನಿಮ್ಮ ಬೆನ್ನು ಚೆಂಡಿನ ಕಡೆಗೆ, ನಿಮ್ಮ ವೇಗ ಗೋಲಿನ ಒಳಕ್ಕೆ. ಚೆಂಡು ಗೋಲಿನ ಮುಂದಕ್ಕೆ ಬಂದರೆ ಮತ್ತೆ ಒಂದೂವರೆ ಸೆಕೆಂಡ್ ತೆರಬೇಕು. ದೂರದ ಕಂಬದಿಂದ ಸುತ್ತಿ ಬಂದರೆ ಆ ತಿರುವು ದಾರಿಯಲ್ಲೇ ಮುಗಿದಿರುತ್ತದೆ. ಪೂರ್ತಿ ಗೋಲು ನಿಮ್ಮ ಕಣ್ಣ ಮುಂದೆ, ಚೆಂಡೂ ಕಣ್ಣ ಮುಂದೆ. ತೆರಬೇಕಾದ ಸಮಯವನ್ನು ಮೊದಲೇ ತೆತ್ತು ಕೂತ ಹಾಗೆ.

ಅಣ್ಣನ ಮಗನ ಜೊತೆ ಇಬ್ಬರಿಗಿಬ್ಬರು ಆಡಲು ಶುರು ಮಾಡಿದ ಮೊದಲ ತಿಂಗಳು ನಾವು ಸೋಲುತ್ತಲೇ ಇದ್ದೆವು. ಒಂದು ಭಾನುವಾರ ಅವನು ಆಟ ನಿಲ್ಲಿಸಿ, "ಅತ್ತೆ, ನೀವು ಬರೀ ಬಾಲ್ ನೋಡ್ತೀರಾ. ನನ್ನ ನೋಡೋದೇ ಇಲ್ಲ" ಅಂದ. ರಿಪ್ಲೇ ಹಾಕಿ ತೋರಿಸಿದ. ಮೂಲೆಯಲ್ಲಿ ಚೆಂಡು. ಅವನ ನೀಲಿ ಕಾರು ಅದರ ಕಡೆ ಹೊರಟಿದೆ. ನನ್ನದೂ ಹೊರಟಿದೆ. ಎರಡೂ ಒಟ್ಟಿಗೆ ತಲುಪಿದವು, ಒಂದಕ್ಕೊಂದು ಬಡಿದವು, ಚೆಂಡು ನಿಧಾನವಾಗಿ ಉರುಳಿ ಗೋಲಿನ ಮುಂದೆ ಬಂತು. ಗೋಲಿನಲ್ಲಿ ಯಾರೂ ಇಲ್ಲ. ಎದುರಾಳಿ ರಾಕೆಟ್ ಕೂಡ ಹಚ್ಚದೆ ಬಂದು ಒಳಕ್ಕೆ ತಳ್ಳಿದ. ಆ ದೃಶ್ಯವನ್ನು ಮೂರು ಸಲ ನೋಡಿದೆ. ಚೆಂಡಿಗೆ ಹೋಗುವ ಮೊದಲು ಜೊತೆಗಾರ ಎಲ್ಲಿದ್ದಾನೆ, ಅವನ ಮುಖ ಯಾವ ಕಡೆ ಇದೆ ಅಂತ ನೋಡುವುದನ್ನು ಅವತ್ತಿನಿಂದ ಶುರು ಮಾಡಿದೆ.

ಇನ್ನು ಬೂಸ್ಟ್. ರಾಕೆಟ್ಟಿನ ಇಂಧನಕ್ಕೆ ಹಾಗನ್ನುತ್ತಾರೆ. ಇದನ್ನು ಕೋಲಾರದವರಿಗೆ ವಿವರಿಸುವುದು ಸುಲಭ, ಯಾಕೆಂದರೆ ನೀರಿನ ಬೆಲೆ ನಮಗೆ ಗೊತ್ತು. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಜಿಲ್ಲೆ ನಮ್ಮದು. ಕೆರೆ, ಕುಂಟೆ ಕಟ್ಟಿಕೊಂಡೇ ನಮ್ಮ ಹಿರಿಯರು ಬದುಕಿದರು. ಆಟದ ಮೈದಾನದಲ್ಲಿ ಆರು ದೊಡ್ಡ ಕೆರೆ ಇವೆ ಅಂದುಕೊಳ್ಳಿ. ಒಂದನ್ನು ಮುಟ್ಟಿದರೆ ಟ್ಯಾಂಕ್ ಪೂರ್ತಿ, 100. ಸಣ್ಣ ಕುಂಟೆಗಳು 28 ಇವೆ. ಒಂದೊಂದರಲ್ಲಿ 12 ಮಾತ್ರ. ದೊಡ್ಡದು ಒಮ್ಮೆ ಖಾಲಿಯಾದರೆ ಮತ್ತೆ ತುಂಬಲು 10 ಸೆಕೆಂಡ್, ಸಣ್ಣದು 4 ಸೆಕೆಂಡ್.

ಹೊಸಬರ ಕಣ್ಣೆಲ್ಲ ದೊಡ್ಡ ಕೆರೆಯ ಮೇಲೆ. ಅವು ಇರುವುದು ಮೂಲೆಯಲ್ಲಿ, ಗೋಡೆ ಪಕ್ಕದಲ್ಲಿ. ಅಲ್ಲಿಗೆ ಹೋದರೆ ಆಟದಿಂದ ಹೊರಗೆ ಹೋದ ಹಾಗೆ. ಈಗ ಹರಿವಿನ ಲೆಕ್ಕ ಹಾಕೋಣ. ದೊಡ್ಡದು ಆರು, ಒಂದೊಂದು 100, 10 ಸೆಕೆಂಡಿಗೊಮ್ಮೆ. ಎಲ್ಲ ಸೇರಿ ಸೆಕೆಂಡಿಗೆ 60. ಸಣ್ಣದು 28, ಒಂದೊಂದು 12, 4 ಸೆಕೆಂಡಿಗೊಮ್ಮೆ. ಎಲ್ಲ ಸೇರಿ ಸೆಕೆಂಡಿಗೆ 84! ಮೈದಾನ ಕೊಡಬಲ್ಲ ಬೂಸ್ಟ್‌ನಲ್ಲಿ ಹೆಚ್ಚಿನ ಪಾಲು ಕುಂಟೆಗಳಲ್ಲಿದೆ. ಕೆರೆಗಳಲ್ಲಲ್ಲ. ಯಾವ ಆಟಗಾರನೂ ಅಷ್ಟನ್ನೂ ಕುಡಿಯಲು ಆಗಲ್ಲ, ಅದು ನಿಜ. ಆದರೆ ಆ ಕುಂಟೆಗಳು ಇರುವುದು ಹಿಂದಕ್ಕೆ ಬರುವ ದಾರಿಯಲ್ಲೇ. ರೊಟೇಶನ್ ಮಾಡಿಕೊಂಡು ಬರುವಾಗ ಕಾರನ್ನು ಒಂದು ಅಡಿ ಆ ಕಡೆ, ಒಂದು ಅಡಿ ಈ ಕಡೆ ಓಡಿಸಿದರೆ ಮೂರು ನಾಲ್ಕು ಕುಂಟೆ ಸಿಗುತ್ತವೆ. ಗೋಲಿಗೆ ಬರುವಷ್ಟರಲ್ಲಿ 36, 48. ಅಷ್ಟು ಸಾಕು. ಒಳ್ಳೆಯ ಆಟಗಾರರ ರಿಪ್ಲೇ ನೋಡಿ. ಅವರ ಕಾರು ನೇರ ಗೆರೆಯಲ್ಲಿ ಬರುವುದೇ ಇಲ್ಲ. ಕುಂಟೆಯಿಂದ ಕುಂಟೆಗೆ ಹೊಲಿಗೆ ಹಾಕಿದ ಹಾಗೆ ಬರುತ್ತದೆ. ನನಗೆ ಆಟದಲ್ಲಿ ಎಲ್ಲಕ್ಕಿಂತ ಚೆಂದ ಕಾಣುವುದು ಆ ಓಟ. ಗೋಲಿಗಿಂತಲೂ.

ಖರ್ಚಿನ ಕಡೆ ನೋಡಿ. ತುಂಬಿದ ಟ್ಯಾಂಕ್ ಎಷ್ಟು ಹೊತ್ತು? ಬರೀ 3 ಸೆಕೆಂಡ್. ಪಂದ್ಯ ಶುರುವಾಗುವಾಗ ಪ್ರತಿಯೊಬ್ಬರಿಗೂ 33 ಕೊಡುತ್ತಾರೆ, ಅದು ಒಂದು ಸೆಕೆಂಡಿಗೆ. ಆದ್ದರಿಂದ ಪುಕ್ಕಟೆ ಸಿಗುವ ವೇಗ ಬಿಡಬಾರದು. ಮುಂದಕ್ಕೆ ಒಂದು ಲಾಗ ಹಾಕಿದರೆ ಸೆಕೆಂಡಿಗೆ 5 ಮೀಟರ್ ವೇಗ ಸೇರುತ್ತದೆ. ಒಂದು ಹನಿ ಬೂಸ್ಟ್ ಖರ್ಚಿಲ್ಲದೆ 14ರಿಂದ 19ಕ್ಕೆ ಹೋದಿರಿ. ಕೈಯಲ್ಲಿ ಬೂಸ್ಟ್ ಇಲ್ಲದಿದ್ದಾಗ ಮೊದಲು ನೆನಪಾಗಬೇಕಾದದ್ದು ಇದು.

ಹಾರುವಾಗ ಇನ್ನೂ ಬಿಗಿ. ರಾಕೆಟ್ ಕೊಡುವ ವೇಗೋತ್ಕರ್ಷ ಸುಮಾರು 9.9. ಗುರುತ್ವ 6.5. ನೆಟ್ಟಗೆ ಮೇಲಕ್ಕೆ ಹೋದರೆ ಉಳಿಯುವುದು 3.4. ಅಂದರೆ ಮೂರು ಪಾಲು ಬೂಸ್ಟ್‌ನಲ್ಲಿ ಎರಡು ಪಾಲು ಗುರುತ್ವಕ್ಕೆ ಕಂದಾಯ ಕಟ್ಟಬೇಕು. ಟ್ಯಾಂಕ್ ಪೂರ್ತಿ ಸುಟ್ಟು ಮುಗಿಯುವಷ್ಟರಲ್ಲಿ ರಾಕೆಟ್ ಒಂದರಿಂದಲೇ ಏರಿರುವುದು ಸುಮಾರು 15 ಮೀಟರ್, ಚಾವಣಿ ಇನ್ನೂ ಮುಟ್ಟಿರಲ್ಲ. ಮೂತಿಯನ್ನು 40 ಡಿಗ್ರಿ ಹತ್ತಿರಕ್ಕೆ ಇಳಿಸಿದರೆ ಮೇಲೂ ಹೋಗಲ್ಲ, ಕೆಳಗೂ ಬೀಳಲ್ಲ, ತೇಲುತ್ತಾ ಮುಂದೆ ಹೋಗುತ್ತೀರಿ. ಹಾಗಾಗಿ ಹಾರುವ ಮೊದಲು ಎರಡು ಸಲ ನೆಗೆಯಿರಿ. ನೆಗೆತಕ್ಕೆ ಬೂಸ್ಟ್ ಬೇಡ. ಮೊದಲ ನೆಗೆತ ಆಗಿ ಸುಮಾರು ಒಂದೂಕಾಲು ಸೆಕೆಂಡಿನೊಳಗೆ ಎರಡನೆಯದನ್ನು ಬಳಸಬೇಕು, ಆಮೇಲೆ ಅದು ಸಿಗಲ್ಲ. ಗಾಳಿಯಲ್ಲಿ ಕಾರು ಹಿಡಿಯಲು ಏನೂ ಇಲ್ಲದೆ ಹೇಗೆ ತಿರುಗುತ್ತದೆ ಅಂತ ಒಬ್ಬ ವಿದ್ಯಾರ್ಥಿ ಕೇಳಿದ್ದ. ಬಹಳ ಒಳ್ಳೆಯ ಪ್ರಶ್ನೆ. ನಿಜವಾದ ಕಾರು ಹಾಗೆ ತಿರುಗಲ್ಲ. ಉಪಗ್ರಹಗಳು ತಿರುಗುತ್ತವೆ. ಒಳಗೊಂದು ಚಕ್ರವನ್ನು ಒಂದು ಕಡೆ ತಿರುಗಿಸಿದರೆ ಉಪಗ್ರಹದ ಮೈ ಇನ್ನೊಂದು ಕಡೆ ತಿರುಗುತ್ತದೆ. ಈ ಆಟದ ಕಾರಿನೊಳಗೆ ಅಂಥ ಚಕ್ರ ಇದೆ ಅಂದುಕೊಂಡು ಆಡಿ.

ಡೆಮೊ, ಅಂದರೆ ಎದುರಾಳಿಯ ಕಾರನ್ನು ಗುದ್ದಿ ಸಿಡಿಸುವುದು, ಅದರ ಬಗ್ಗೆ ಒಂದೇ ಮಾತು. ಸೆಕೆಂಡಿಗೆ 22 ಮೀಟರ್ ದಾಟಿದ ಕಾರು ಎದುರಾಳಿಗೆ ಗುದ್ದಿದರೆ ಅವನ ಕಾರು ಸಿಡಿದು, 3 ಸೆಕೆಂಡ್ ಆದ ಮೇಲೆ ಅವನ ಗೋಲಿನ ಹತ್ತಿರ ಮತ್ತೆ ಬರುತ್ತದೆ. 3 ಸೆಕೆಂಡ್ ಅಂದರೆ ಎರಡು ತಿರುವು. ಎಷ್ಟು ದೊಡ್ಡದು ನೋಡಿ.

ನೆಟ್‌ವರ್ಕ್ ಬಗ್ಗೆ ಪೋಷಕರು ಕೇಳುತ್ತಾರೆ: ಹೊಸ ಕಂಪ್ಯೂಟರ್ ಕೊಡಿಸಿದರೂ ಚೆಂಡು ಯಾಕೆ ಜಿಗಿಯುತ್ತದೆ ಅಂತ. ಚೆಂಡಿನ ನಿಜವಾದ ಲೆಕ್ಕ ನಿಮ್ಮ ಮನೆಯಲ್ಲಿ ನಡೆಯುವುದಿಲ್ಲ, ದೂರದ ಸರ್ವರ್‌ನಲ್ಲಿ ನಡೆಯುತ್ತದೆ, ಸೆಕೆಂಡಿಗೆ 120 ಸಲ. ನಿಮ್ಮ ಪರದೆ ತೋರಿಸುವುದು ಊಹೆ. ಸರ್ವರ್ ಸಿಂಗಾಪುರದಲ್ಲಿದ್ದರೆ ಅದು ಇಲ್ಲಿಂದ 3,000 ಕಿಲೋಮೀಟರಿಗೂ ದೂರ. ಗಾಜಿನ ಕೇಬಲ್ಲಿನಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡಿದರೂ ಹೋಗಿ ಬರಲು ಕಮ್ಮಿ ಅಂದರೂ 30 ಮಿಲಿಸೆಕೆಂಡ್, ನಡುವಿನ ಅಡೆತಡೆ ಸೇರಿ ಅದಕ್ಕಿಂತ ಜಾಸ್ತಿ. ಹೀಗೆ ಹೋಗಿ ಬರುವ ಸಮಯಕ್ಕೆ ಪಿಂಗ್ ಅನ್ನುತ್ತಾರೆ. ಪಿಂಗ್ 80 ಮಿಲಿಸೆಕೆಂಡ್ ಇದ್ದರೆ, ಪೂರ್ತಿ ವೇಗದ ಚೆಂಡು ಅಷ್ಟರಲ್ಲಿ ಐದು ಮೀಟರ್ ಸರಿದಿರುತ್ತದೆ. ಪಿಂಗ್ ಜಾಸ್ತಿ ಇರುವ ದಿನ ಎದುರಾಳಿಯ ಮೂತಿಗೆ ಮೂತಿ ಕೊಟ್ಟು ಚೆಂಡಿಗೆ ಹೋಗಬೇಡಿ. ಹಿಂದೆ ನಿಂತು ದೊಡ್ಡ ಜಾಗ ಕಾಯಿರಿ. ಊಹೆಯ ತಪ್ಪು ಅಲ್ಲಿ ಅಷ್ಟು ಕಾಡಲ್ಲ.

ಕೊನೆಯದಾಗಿ ಒಂದು ಪಂದ್ಯ ಹೇಳುತ್ತೇನೆ. ಈ ಆಟದಲ್ಲಿ ಒಂದು ಒಳ್ಳೆಯ ನಿಯಮ ಇದೆ. ಗಡಿಯಾರ ಸೊನ್ನೆಗೆ ಬಂದರೂ ಚೆಂಡು ಗಾಳಿಯಲ್ಲಿದ್ದರೆ ಆಟ ಮುಗಿಯಲ್ಲ. ಚೆಂಡು ನೆಲ ಮುಟ್ಟಬೇಕು. ನಾನು, ಅಣ್ಣನ ಮಗ ಇಬ್ಬರೂ ಆಡುತ್ತಿದ್ದೆವು. 3-2, ನಾವು ಮುಂದೆ. ಗಡಿಯಾರ ಸೊನ್ನೆ. ಎದುರಾಳಿ ಚೆಂಡನ್ನು ತನ್ನ ಕಾರಿನ ತಲೆಯ ಮೇಲೆ ಹೊತ್ತುಕೊಂಡು ನಮ್ಮ ಗೋಲಿನ ಕಡೆ ಬರುತ್ತಿದ್ದಾನೆ, ಕೊಡ ಹೊತ್ತವರು ನಡೆಯುವ ಹಾಗೆ, ಅಲುಗದೆ. ಹುಡುಗ ಆಗ ತಾನೇ ಆ ಕಡೆ ನುಗ್ಗಿ ತಪ್ಪಿದ್ದ. ಅವನ ಮುಖ ಇನ್ನೂ ಅವರ ಗೋಲಿನ ಕಡೆಗೇ ಇತ್ತು.

ನನಗೆ ನುಗ್ಗಬೇಕು ಅನ್ನಿಸಿತು. ನುಗ್ಗಿದ್ದರೆ ಎದುರಾಳಿ ಚೆಂಡನ್ನು ನನ್ನ ತಲೆ ಮೇಲಿಂದ ಚಿಮ್ಮಿಸುತ್ತಿದ್ದ, ಹಿಂದೆ ಖಾಲಿ ಗೋಲು. ಹುಡುಗ ತಿರುಗಲು ಒಂದೂವರೆ ಸೆಕೆಂಡ್ ಬೇಕು. ಅದನ್ನು ಕೊಡುವುದೊಂದೇ ನನ್ನ ಕೆಲಸ. ಎದುರಾಳಿಯ ಮುಂದೆ ಮುಂದೆ, ಅವನಷ್ಟೇ ವೇಗದಲ್ಲಿ, ನಾನು ಗೋಲಿನ ಕಡೆ ಸರಿಯುತ್ತಾ ಬಂದೆ. ಅವನಿಗೆ ಜಾಗ ಕಮ್ಮಿಯಾಗುತ್ತಾ ಬಂತು. ದೂರದ ಕಂಬ ಬಂದ ಮೇಲೆ ಎದುರು ತಿರುಗಿದೆ. "ಬಂದೆ ಅತ್ತೆ" ಅಂತ ಪಕ್ಕದಿಂದ ಕೇಳಿಸಿತು. ಎದುರಾಳಿ ಚಿಮ್ಮಿಸಿದ. ಚೆಂಡು ಗೋಲಿನ ಮೇಲುಗೆರೆಗಿಂತ ಒಂದು ಗೇಣು ಮೇಲೆ ಹಿಂದಿನ ಗೋಡೆಗೆ ಬಡಿದು, ನಿಧಾನವಾಗಿ ಮುಂದಕ್ಕೆ ಬಂತು. ಆ ಗುರುತ್ವದಲ್ಲಿ ಅದು ಎಷ್ಟು ನಿಧಾನ ಇಳಿಯುತ್ತದೆ ಗೊತ್ತಲ್ಲ. ಇನ್ನೊಬ್ಬ ಎದುರಾಳಿ ಆಗಲೇ ಅದರ ಕಡೆ ಹಾರಿದ್ದ.

ಹುಡುಗ ಗೋಡೆ ಹತ್ತಿಕೊಂಡು ಬಂದಿದ್ದ. ಚೆಂಡಿಗಿಂತ ಮೇಲಿದ್ದ. ದೂರಕ್ಕೆ ಹೊಡೆಯುವುದು ಬೇಕಿರಲಿಲ್ಲ, ಬರೀ ಕೆಳಕ್ಕೆ ಬೇಕಿತ್ತು. ಗೋಡೆ ಬಿಟ್ಟು ಚೆಂಡಿನ ನೆತ್ತಿಯ ಮೇಲೆ ಕಾರಿನ ಹೊಟ್ಟೆ ಇಟ್ಟು ಒತ್ತಿದ. ಚೆಂಡು ನನ್ನ ಕಾರಿನ ಮೂತಿಯ ಮುಂದೆ, ಗೋಲು ಗೆರೆಯಿಂದ ಒಂದು ಮಾರು ಈಚೆಗೆ, ಹುಲ್ಲು ಮುಟ್ಟಿತು.